ಹೊಸನೀರು, ಮೀನಿನ ಬಸಿರು

ಜೂನ್ ಕಳೆದರೂ ಮುಂಡರಗಿ, ಶಿರಹಟ್ಟಿ ಸೀಮೆಯ ಎರೆಹೊಲಗಳು ಬಾಯಿ ಬಿಟ್ಟುಕೊಂಡೇ ಇರುವುದುಂಟು. ಆಗಲೂ ಹಮ್ಮಿಗಿಯಲ್ಲಿಯೋ ಹೊಳೆ ಇಟಗಿಯಲ್ಲಿಯೋ ನಿಂತು ನೋಡಿದರೆ ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿರುತ್ತಾಳೆ. ಮಳೆ ಸುರಿದದ್ದು ಮಲೆನಾಡಿನಲ್ಲಿ. ಹೊಸನೀರು ಬಂದದ್ದು ನಮ್ಮಲ್ಲಿಗೆ. ಹೊಳೆಯ ಮೀನು ತನ್ನ ಹೆರಿಗೆಯ ಮುಹೂರ್ತಕ್ಕೆ ನಮ್ಮೂರ ಮೋಡವನ್ನು ನೋಡುವುದಿಲ್ಲ, ಈ ಕೆನ್ನೀರನ್ನು ಕಾಯುತ್ತದೆ.

ಗೆಂಡೆ ಜಾತಿಯ ಹೆಣ್ಣುಮೀನಿನ ಒಡಲಲ್ಲಿ ತತ್ತಿಗಳು ಬೇಸಗೆಯಲ್ಲಿಯೇ ಬಲಿಯತೊಡಗುತ್ತವೆ. ಹಗಲು ಬೆಳೆಯುವುದು, ನೀರು ಬೆಚ್ಚಗಾಗುವುದು ಅದಕ್ಕೆ ಪ್ರೇರಣೆ. ಆದರೆ ಬಲಿತ ಮಾತ್ರಕ್ಕೆ ತತ್ತಿ ಹೊರಬಾರದು. ನೆರೆಯ ಸೆಳೆತ ಮೈಗೆ ತಾಕಬೇಕು. ಆಗ ಮಿದುಳಿನ ಕೆಳಗಿರುವ ಪಿಟ್ಯೂಟರಿ ಗ್ರಂಥಿ ತನ್ನ ರಸವನ್ನು ನೆತ್ತರಿಗೆ ಬಿಡುತ್ತದೆ. ಗಂಗೆಯ ಬಯಲಿನಿಂದ ಬಂದ ಕಾಟ್ಲಾ, ರೋಹು ಮೀನುಗಳನ್ನು ನಮ್ಮ ಕೆರೆಗಳಲ್ಲಿ ಬಿಟ್ಟರೆ ಅವು ಚೆನ್ನಾಗಿ ಕೊಬ್ಬುತ್ತವೆ, ಬಸಿರನ್ನೂ ಹೊರುತ್ತವೆ, ಹೆರುವುದಿಲ್ಲ. ಲಕ್ಷಗಟ್ಟಲೆ ತತ್ತಿಗಳು ತಾಯಿಯ ಮೈಯಲ್ಲಿಯೇ ಕರಗಿ ಇಂಗಿಹೋಗುತ್ತವೆ. ನಿಂತ ನೀರಿನ ಈ ಬಂಜೆತನಕ್ಕೆ ಮದ್ದು ದೊರೆತದ್ದು 1957ರ ಜುಲೈ 10ರಂದು, ಒಡಿಶಾದ ಅಂಗುಲ್‌ನಲ್ಲಿ. ಹೀರಾಲಾಲ್ ಚೌಧರಿಯವರು ಬೇರೆ ಮೀನಿನ ಪಿಟ್ಯೂಟರಿ ರಸವನ್ನು ಚುಚ್ಚಿ ಗೆಂಡೆ ಮೀನುಗಳಿಂದ ತತ್ತಿ ಇಡಿಸಿದರು. ಮೀನುಮರಿಗಾಗಿ ನದಿಯನ್ನೇ ಜಾಲಾಡಬೇಕಾಗಿದ್ದ ಕಾಲ ಅಲ್ಲಿಂದ ಹಿಂದೆ ಸರಿಯಿತು.

ಕೊರವ ಮೀನಿನ ಸಂಸಾರವೇ ಬೇರೆ. ಅದಕ್ಕೆ ಪ್ರವಾಹದ ಹಂಗಿಲ್ಲ. ಕೆರೆಯಂಚಿನ ಜೊಂಡನ್ನು ಸರಿಸಿ ಗೂಡು ಮಾಡುತ್ತದೆ. ಎಣ್ಣೆಯಂಶವುಳ್ಳ ತತ್ತಿಗಳು ಮೇಲೆ ತೇಲುತ್ತವೆ. ಕೆಂಪು ಮರಿಗಳ ಹಿಂಡನ್ನು ತಾಯಿತಂದೆ ಕಾಯುತ್ತವೆ. ಗೆಂಡೆಗೆ ಈ ವಾತ್ಸಲ್ಯವಿಲ್ಲ. ತತ್ತಿಗಳನ್ನು ನೀರಿಗೆ ಚೆಲ್ಲಿ ಹೊರಟುಬಿಡುತ್ತದೆ. ಲಕ್ಷದಲ್ಲಿ ಕೆಲವು ಉಳಿದರೆ ಸಾಕೆಂಬ ಲೆಕ್ಕ.

ಆ ಲೆಕ್ಕವನ್ನು ನಾವು ಕೆಡಿಸುತ್ತಿದ್ದೇವೆ. ಮೀನು ಹಿಡಿಯುವ ವಿದ್ಯೆ ನಮಗೆ ಹಳೆಯದು. ಪುಲಿಗೆರೆಯನ್ನು, ಎಂದರೆ ಇಂದಿನ ಲಕ್ಷ್ಮೇಶ್ವರವನ್ನೂ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಅರಸನ ಗಾಳಕ್ಕೆ ಒಂದೊಂದೇ ಮೀನು. ಈಗ ಹೊಸನೀರಿಗೆ ಎದುರೇರುವ ಹಿಂಡಿಗೆ ಅಡ್ಡಲಾಗಿ ಬಲೆ. ಹೊಸಪೇಟೆಯ ಬಳಿ 1953ರಲ್ಲಿ ನೀರು ನಿಂತ ಅಣೆಕಟ್ಟು, ಹಮ್ಮಿಗಿಯ ಬ್ಯಾರೇಜು, ಇವುಗಳಿಂದ ಮೇಲೇರುವ ದಾರಿಯೂ ಮೊದಲಿನಂತಿಲ್ಲ. ಸಂತೆಯಲ್ಲಿ ತತ್ತಿ ತುಂಬಿದ ಮೀನನ್ನು ಮೆಚ್ಚಿ ಕೊಳ್ಳುವವರಿದ್ದಾರೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅವರು ಅದನ್ನು ಬಿಟ್ಟು ಕೆರೆಯಲ್ಲಿ ಸಾಕಿದ ಮೀನನ್ನು ಕೇಳಿದರೆ ಹೊಳೆಯ ಬಲೆಗಳು ಕೆಲವಾದರೂ ದಡದಲ್ಲಿ ಒಣಗಿಯಾವು.