ಬೀಸಣಿಗೆ ಚಿಪ್ಪಿನ ಶಿಲಾವಶೇಷವನ್ನು ಗುರುತಿಸುವ ಕ್ರಮ

ಸಮುದ್ರತೀರದಲ್ಲಿ ಆಯ್ದ ಚಿಪ್ಪುಗಳನ್ನು ನಮ್ಮ ಬಾಲಕಿಯರು ಪೆಟ್ಟಿಗೆಗಳಲ್ಲಿ ಜೋಪಾನವಾಗಿಡುವುದುಂಟು. ಅವುಗಳಲ್ಲಿ ಬಿಚ್ಚಿದ ಬೀಸಣಿಗೆಯಂತೆ ತೋರುವ ಒಂದು ಬಗೆಗೆ ಇಂಗ್ಲಿಷಿನಲ್ಲಿ ಸ್ಕಾಲಪ್ ಎಂದು ಹೆಸರು. ಇದೇ ಚಿಪ್ಪು ಶಿಲಾವಶೇಷವಾಗಿ ದೊರೆತರೆ ಅದನ್ನು ಗುರುತಿಸಿ ತಕ್ಕ ಹೆಸರನ್ನು ಕೊಡುವ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವೆನು.

ಮೊದಲನೆಯದಾಗಿ ಆಕಾರವನ್ನು ಪರೀಕ್ಷಿಸತಕ್ಕದ್ದು. ಮೈಮೇಲೆ ಏಣುಗಳಿದ್ದ ಮಾತ್ರಕ್ಕೆ ಅದು ಸ್ಕಾಲಪ್ ಆಗದು. ಆರ್ಕ ಎಂಬ ಚಿಪ್ಪಿಗೂ ಏಣುಗಳುಂಟು. ಆದರೆ ಅದರ ಕೀಲಿನಲ್ಲಿ ಚಿಕ್ಕ ಹಲ್ಲುಗಳ ಉದ್ದವಾದ ಸಾಲೂ ಒಳಮೈಯಲ್ಲಿ ಎರಡು ಸ್ನಾಯುಗಳ ಗುರುತೂ ಇರುವುವು. ಸ್ಕಾಲಪ್ಪಿನ ಕೀಲಿನಲ್ಲಿ ಅಂತಹ ಹಲ್ಲುಸಾಲಿಲ್ಲ. ನಡುವೆ ತ್ರಿಕೋಣಾಕಾರದ ಕುಳಿಯೊಂದಿರುವುದು. ಒಳಗೆ ಒಂದೇ ದೊಡ್ಡ ಸ್ನಾಯುವಿನ ಗುರುತು. ಕೊಕ್ಕಿನ ಎರಡು ಪಕ್ಕಗಳಲ್ಲಿಯೂ 'ಕಿವಿ'ಗಳೆಂಬ ಚಾಚುಗಳಿರುವುವು. ಅನೇಕ ಪ್ರಭೇದಗಳಲ್ಲಿ ಬಲ ಚಿಪ್ಪಿನ ಮುಂಗಿವಿಯ ಕೆಳಗೆ ಒಂದು ಕಚ್ಚು ಕಾಣುವುದು. ಪ್ರಾಣಿಯು ಕಲ್ಲಿಗೆ ಅಂಟಿಕೊಳ್ಳುವ ನೂಲುಗಳು ಹೊರಡುವುದು ಅಲ್ಲಿಂದಲೇ.

ಇನ್ನು ವರ್ಗೀಕರಣ. ೧೭೫೮ರಲ್ಲಿ ಲಿನೇಯಸನು ಸ್ಕಾಲಪ್ಪುಗಳನ್ನು ಸಿಂಪಿಗಳೊಡನೆ ಆಸ್ಟ್ರಿಯ ಎಂಬ ಒಂದೇ ಜಾತಿಯಲ್ಲಿ ಸೇರಿಸಿದ್ದನು. ೧೭೭೬ರಲ್ಲಿ ಮುಲ್ಲರನು ಅವನ್ನು ಬೇರ್ಪಡಿಸಿ ಪೆಕ್ಟೆನ್ ಎಂದನು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಬಾಚಣಿಗೆಯೆಂದರ್ಥ. ಈಗ ಇವು ಮೃದ್ವಂಗಿಗಳಲ್ಲಿ ದ್ವಿಕವಾಟಗಳ ವರ್ಗಕ್ಕೂ ಪೆಕ್ಟಿನಿಡೀ ಕುಟುಂಬಕ್ಕೂ ಸೇರುವುವು. ಜಾತಿಯೂ ಪ್ರಭೇದವೂ ನಿರ್ಣಯವಾಗುವುದು ಚಿಪ್ಪುಗಳ ಉಬ್ಬು, ಕಿವಿಗಳ ಅಳತೆ, ಏಣುಗಳ ಎಣಿಕೆ ಇವುಗಳಿಂದ. ಉದಾಹರಣೆಗೆ, ನೀಥಿಯ ಜಾತಿಯಲ್ಲಿ ಬಲ ಚಿಪ್ಪು ಬಹಳ ಉಬ್ಬಿಯೂ ಎಡ ಚಿಪ್ಪು ಚಪ್ಪಟೆಯಾಗಿಯೂ ಇರುವುವು. ಅದರ ಕ್ವಿಂಕ್ವೆಕೋಸ್ಟಾಟ ಎಂಬ ಪ್ರಭೇದದಲ್ಲಿ ಎರಡು ದೊಡ್ಡ ಏಣುಗಳ ನಡುವೆ ನಾಲ್ಕು ಚಿಕ್ಕ ಏಣುಗಳನ್ನು ಎಣಿಸಬಹುದು.

ಎರಡನೆಯದು, ಆದರೆ ಆಕಾರದಷ್ಟೇ ಮುಖ್ಯವಾದುದು, ದೊರೆತ ಸ್ಥಳ. ದಕ್ಷಿಣ ಭಾರತದಲ್ಲಿ ಇಂತಹ ಚಿಪ್ಪುಗಳಿಗೆ ತಿರುಚಿರಾಪಳ್ಳಿ, ಅರಿಯಲೂರು ಸೀಮೆಯ ಸುಣ್ಣಕಲ್ಲು ಪ್ರಸಿದ್ಧವಾದುದು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣದ ಫರ್ಡಿನಂಡ್ ಸ್ಟೋಲಿಚ್ಕನು ಅಲ್ಲಿಯ ದ್ವಿಕವಾಟಗಳನ್ನು ವರ್ಣಿಸಿದ ಸಂಪುಟವು ೧೮೭೧ರಲ್ಲಿ ಪೂರ್ತಿಯಾಯಿತು. ಆ ವಿದ್ವಾಂಸನು ೧೮೭೪ರಲ್ಲಿ, ಯಾರ್ಕಂದದಿಂದ ಹಿಂದಿರುಗುವಾಗ, ಲಡಾಖಿನಲ್ಲಿ ತೀರಿಕೊಂಡನು.

ನಮ್ಮ ಹುಂಚದ ನೆಲವಾದರೋ ಬೇರೆ. ಮಲೆನಾಡಿನ ಈ ಭಾಗದ ನೈಸ್ ಶಿಲೆಗಳೂ ಧಾರವಾಡ ಶಿಲೆಗಳೂ ೨೫೦ ಕೋಟಿ ವರ್ಷಗಳಿಗೂ ಹಳೆಯವು; ಸ್ಕಾಲಪ್ ಕುಟುಂಬವು ಹುಟ್ಟಿ ಸುಮಾರು ೨೫ ಕೋಟಿ ವರ್ಷಗಳು ಮಾತ್ರ. ಜಂಬಿಟ್ಟಿಗೆ ಕಲ್ಲು ಶಿಲೆಗಳು ನೆಲದ ಮೇಲೆಯೇ ಸವೆದು ಉಂಟಾದುದರಿಂದ ಅದರಲ್ಲಿಯೂ ಕಡಲ ಚಿಪ್ಪು ಇರಲಾರದು. ಇದೇ ಜಿಲ್ಲೆಯ ಕುಂಸಿಯ ಬಳಿ ಜೀವದ ಕುರುಹುಗಳು ದೊರೆತಿರುವುವು. ಆದರೆ ಅವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳು, ಚಿಪ್ಪುಗಳಲ್ಲ. ಆದಕಾರಣ ಹುಂಚದಲ್ಲಿ ಸ್ಕಾಲಪ್ಪಿನ ಶಿಲಾವಶೇಷವೊಂದು ಕೈಗೆ ಬಂದರೆ, ಅದು ಬೇರೆಡೆಯಿಂದ ಬಂದುದೆಂದೇ ತಿಳಿಯಬೇಕು. ಇಲ್ಲವೆ ಶಿಲೆಯ ಮಡಿಕೆಗಳನ್ನು ಏಣುಗಳೆಂದು ಭ್ರಮಿಸಿದಂತಾಗುವುದು.

ಸ್ಥಳವನ್ನು ತಪ್ಪಾಗಿ ಬರೆಯುವುದು ಅಲ್ಪದೋಷವೆಂದು ಯಾರೂ ಎಣಿಸಬಾರದು. ಹಿಮಾಲಯದಲ್ಲಿ ದೊರೆತುವೆಂದು ಅನೇಕ ವರ್ಷಗಳ ಕಾಲ ಪ್ರಕಟವಾಗಿದ್ದ ಶಿಲಾವಶೇಷಗಳಲ್ಲಿ ಹಲವು ಮೊರಾಕ್ಕೊ ಮುಂತಾದ ದೂರದೇಶಗಳವೆಂದು ಆಸ್ಟ್ರೇಲಿಯದ ಜಾನ್ ಟ್ಯಾಲೆಂಟರು ೧೯೮೯ರಲ್ಲಿ ಜಗತ್ತಿಗೆ ತಿಳಿಸಿದರು. ಅವನ್ನು ನಂಬಿ ಬರೆದ ಇತರರ ಗ್ರಂಥಗಳೂ ಅದರಿಂದ ಕೆಟ್ಟುವು.

ಆದುದರಿಂದ ವಿದ್ಯಾರ್ಥಿನಿಯರೇ, ಒಂದು ಕಲ್ಲನ್ನು ಎತ್ತಿಕೊಂಡೊಡನೆ ಊರು, ಹಳ್ಳ ಅಥವಾ ಗಣಿ, ಶಿಲೆಯ ಬಗೆ, ತಾರೀಖು ಇವನ್ನು ಚೀಟಿಯಲ್ಲಿ ಬರೆದು ಅದರೊಡನೆಯೇ ಇಡಿರಿ. ಸ್ಥಳ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಿರಿ. ಚಂದದ ಸುಳ್ಳು ಚೀಟಿಗಿಂತ ಆ ಒಂದು ಮಾತು ಮುಂದೆ ಬರುವವರಿಗೆ ಹೆಚ್ಚು ಉಪಕಾರಿಯಾಗುವುದು.