ಮಾತು ತಿಳಿಯದವರ ನಡುವೆ 53 ವರ್ಷ

ಎರಡನೆಯ ಮಹಾಯುದ್ಧದ ಕೊನೆಯ ಹಂತದಲ್ಲಿ ಸೋವಿಯತ್ ಸೇನೆಗೆ ಸೆರೆಸಿಕ್ಕ ಹಂಗೇರಿಯ ಸೈನಿಕ ಆಂಡ್ರಾಷ್ ತೋಮಾ, 1947ರಲ್ಲಿ ಯುದ್ಧಕೈದಿಗಳ ಶಿಬಿರದಿಂದ ರಷ್ಯಾದ ಕೊತೆಲ್ನಿಚ್ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಸೇರಿ, ಅಲ್ಲಿಯೇ 53 ವರ್ಷ ಉಳಿದರು. ಆಸ್ಪತ್ರೆ ಸೇರಿದ ಕೈದಿಯ ಹೆಸರನ್ನು ಶಿಬಿರದ ಪಟ್ಟಿಯಿಂದ ತೆಗೆದುಹಾಕುತ್ತಿದ್ದುದರಿಂದ ತಾಯ್ನಾಡಿಗೆ ಅವರ ಸುಳಿವೇ ಸಿಗಲಿಲ್ಲ.

ರಷ್ಯನ್ ಸ್ಲಾವಿಕ್ ಕುಟುಂಬದ ಭಾಷೆಯಾದರೆ ಹಂಗೇರಿಯನ್ ಅದರೊಡನೆ ನಂಟೇ ಇಲ್ಲದ ಯುರಾಲಿಕ್ ಕುಟುಂಬದ್ದು. ತೋಮಾ ರಷ್ಯನ್ ಕಲಿಯಲಿಲ್ಲ, ಸುತ್ತಲಿನವರಿಗೆ ಹಂಗೇರಿಯನ್ ಬಾರದು, ಹೀಗಾಗಿ ಅವರ ಮಾತು ವೈದ್ಯರ ಕಿವಿಗೆ ಅರ್ಥವಿಲ್ಲದ ಬಡಬಡಿಕೆಯಾಗಿಯೇ ಕೇಳಿಸಿತು. ಇದರ ಹಿಂದೆ ಕ್ರೌರ್ಯಕ್ಕಿಂತ ಉದಾಸೀನವೇ ಹೆಚ್ಚಾಗಿತ್ತೆಂದು ತೋರುತ್ತದೆ.

2000ದ ಆಗಸ್ಟ್‌ನಲ್ಲಿ ಬುಡಾಪೆಸ್ಟ್‌ಗೆ ಕರೆತಂದಾಗ 74 ವರ್ಷದ ಅವರಿಗೆ ಒಂದು ಕಾಲಿರಲಿಲ್ಲ. ಮನೋವೈದ್ಯರು ಅವರ ಮಾತಿನ ತುಣುಕುಗಳಿಂದ ಊರು, ಬಂಧುಗಳ ಜಾಡು ಹಿಡಿದ ಬಳಿಕ, ರಕ್ತಸಂಬಂಧಿಗಳ ಆನುವಂಶಿಕ ಹೋಲಿಕೆಯನ್ನು ತಾಳೆ ನೋಡುವ ಡಿಎನ್‌ಎ ಪರೀಕ್ಷೆ ಗುರುತನ್ನು ಖಚಿತಪಡಿಸಿತು. ಕೃತಕ ಕಾಲು ಬಂತು. ಸೇನೆಯಿಂದ ಅವರನ್ನು ವಿಧಿವತ್ತಾಗಿ ಬಿಡುಗಡೆ ಮಾಡಿರಲಿಲ್ಲವಾದ್ದರಿಂದ ಅವರ ಸೇವೆ ಅಖಂಡವೆಂದೇ ಪರಿಗಣಿತವಾಗಿ, ಬಡ್ತಿಯ ಜೊತೆಗೆ ದಶಕಗಳ ಬಾಕಿ ಸಂಬಳವೂ ದೊರೆಯಿತು. ಕಡತಗಳ ಮಟ್ಟಿಗೆ ಪುನರ್ವಸತಿ, ಅಂದರೆ ಸಮಾಜದೊಳಗೆ ಮತ್ತೆ ನೆಲೆಗೊಳಿಸುವ ಕಾರ್ಯ, ಇಷ್ಟು ಸಲೀಸು. ದಿನನಿತ್ಯದ ಬದುಕಿನಲ್ಲಿ ಅದರ ಹೊರೆ ಹೊತ್ತವರು ನ್ಯೀರೆಜ್‌ಹಾಜಾದ ಮಲಸಹೋದರಿ; 2004ರಲ್ಲಿ ತೀರಿಕೊಳ್ಳುವವರೆಗೂ ತೋಮಾ ಆಕೆಯ ಮನೆಯಲ್ಲೇ ಇದ್ದರು.