ಗಾಜನೂರಿನ ಕಂಠ

ನಮ್ಮ ತಾಳವಾಡಿ ಸೀಮೆಯಲ್ಲಿ ಡಾ. ರಾಜಕುಮಾರರನ್ನು ಅರಿಯದವರಿಲ್ಲ. 1929ರಲ್ಲಿ ಇಲ್ಲಿಯ ಗಾಜನೂರಿನಲ್ಲಿ ಹುಟ್ಟಿದವರು ಅವರು. ಆದರೆ ಈಗಿನ ಮಕ್ಕಳಲ್ಲಿ ಅನೇಕರಿಗೆ ಒಂದು ಸಂಗತಿ ತಿಳಿಯದು. 1954ರ 'ಬೇಡರ ಕಣ್ಣಪ್ಪ'ದಿಂದ ಮೊದಲಾಗಿ ಇಪ್ಪತ್ತು ವರ್ಷಗಳ ಕಾಲ ತೆರೆಯ ಮೇಲೆ ಅವರು ತುಟಿಯಾಡಿಸಿದ ಹಾಡುಗಳಲ್ಲಿ ಬಹುಪಾಲು ಅವರ ಕಂಠದ್ದಲ್ಲ. ಹಾಡುತ್ತಿದ್ದವರು ಮುಖ್ಯವಾಗಿ ಪಿ. ಬಿ. ಶ್ರೀನಿವಾಸರು. 1968ರಲ್ಲಿ ರಾಜಕುಮಾರರ ನೂರನೆಯ ಚಿತ್ರ 'ಭಾಗ್ಯದ ಬಾಗಿಲು' ಬಂದಾಗಲೂ ಕ್ರಮ ಹಾಗೆಯೇ ಇತ್ತು.

ಇದು ವಿಚಿತ್ರವಲ್ಲವೇ? ತಂದೆ ಪುಟ್ಟಸ್ವಾಮಯ್ಯನವರು ನಾಟಕದ ನಟರು. ಮಗನೂ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಕಂಪನಿ ನಾಟಕದಲ್ಲಿ ಹಾಡಲು ಬಾರದವನಿಗೆ ದೊಡ್ಡ ಪಾತ್ರ ಸಿಗುವುದು ಕಷ್ಟ. ಸಿನಿಮಾದ ರೀತಿ ಬೇರೆ. ಅಲ್ಲಿ ಹಾಡನ್ನು ಮೊದಲೇ ಧ್ವನಿಮುದ್ರಿಸಿಕೊಂಡು, ಚಿತ್ರೀಕರಣದಲ್ಲಿ ಅದನ್ನು ನುಡಿಸುತ್ತಾರೆ. ನಟನು ಅದಕ್ಕೆ ಸರಿಯಾಗಿ ಅಭಿನಯಿಸಿದರೆ ಸಾಕು. ಹೀಗೆ ಕಂಠ ಒಬ್ಬರದು, ಮುಖ ಒಬ್ಬರದು ಆಯಿತು.

1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಇವೆರಡೂ ಮತ್ತೆ ಕೂಡಿದವು. ಅದಕ್ಕೆ ಮುಂಚೆ ಒಂದೆರಡು ಕಡೆ ಹಾಡಿದ್ದರೂ, ಜಿ. ಕೆ. ವೆಂಕಟೇಶರ ಸಂಗೀತದಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡಿದ ಆ ಹಾಡಿನಿಂದಲೇ ಜನ ಅವರನ್ನು ಗಾಯಕರೆಂದು ಒಪ್ಪಿದರು. ಅಂದಿನ ಚಿಕ್ಕ ತಟ್ಟೆ ಏಳು ಅಂಗುಲದ್ದು. ನಿಮಿಷಕ್ಕೆ 45 ಸುತ್ತು ತಿರುಗುವುದು. ತಟ್ಟೆಯಲ್ಲಿ ಮುಖ ಕಾಣದು, ಎಮ್ಮೆಯೂ ಕಾಣದು. ಆದರೂ ಆ ಹಾಡನ್ನು ಕಣ್ಣು ಮುಚ್ಚಿ ಕೇಳಿದರೆ ದನ ಕಾಯುವವನ ಕೂಗು, ಗತ್ತು, ತುಂಟತನ ಎಲ್ಲವೂ ಎದುರಿಗೆ ಬರುತ್ತವೆ. ನಟನೇ ಹಾಡಿದುದರ ಫಲವಿದು. ಆಮೇಲೆ ಹೊಸ ಚಿತ್ರ ಬಂತೆಂದರೆ ಅಭಿಮಾನಿಗಳು ಕೇಳುತ್ತಿದ್ದ ಪ್ರಶ್ನೆಯೇ ಬೇರೆಯಾಯಿತು: "ಅಣ್ಣಾವ್ರು ಎಷ್ಟು ಹಾಡು ಹಾಡಿದಾರೆ?"

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಅವರ ಉಚ್ಚಾರಣೆ. ಶಾಲೆಯಲ್ಲಿ ಅವರು ಓದಿದ್ದು ಕೆಲವೇ ವರ್ಷ. ಹಾಗಿದ್ದೂ 'ಅ'ಕಾರ 'ಹ'ಕಾರಗಳು ಕಲೆಯುವುದಿಲ್ಲ, ಅಲ್ಪಪ್ರಾಣ ಮಹಾಪ್ರಾಣಗಳು ಕೆಡುವುದಿಲ್ಲ. ನಾಟಕದ ಕಂದಪದ್ಯ, ಮಾತುಗಳನ್ನು ಬಾಯಿಪಾಠ ಮಾಡಿ ಪಳಗಿದ ನಾಲಿಗೆ ಅದು. ಗಡಿಯಲ್ಲಿದ್ದು ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳ ಮಾತಿನಲ್ಲಿ ತಮಿಳು ಬೆರೆಯುವುದು ಸಹಜ. ಅದು ತಪ್ಪೂ ಅಲ್ಲ. ಆದರೆ ಪದ್ಯ ಓದುವಾಗ ತಡವರಿಸುವವರು ಈ ಹಾಡುಗಳನ್ನು ಕೇಳಿ, ಜೊತೆಯಲ್ಲೇ ಹಾಡಿ ನೋಡಲಿ. ಮನೆಯಲ್ಲಿ ತಂದೆತಾಯಂದಿರು ಇದನ್ನು ಕಾಲಹರಣವೆಂದು ಗದರಿಸಬಾರದು.

1992ರ 'ಜೀವನ ಚೈತ್ರ' ಚಿತ್ರದಲ್ಲಿ ತೋಡಿ ರಾಗದ ಕಠಿಣವಾದ ಹಾಡನ್ನು ಹಾಡಿದಾಗ ಅವರಿಗೆ ಅರವತ್ತು ದಾಟಿತ್ತು. ಅದಕ್ಕೆ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿಯೂ ಬಂತು.

ಇಷ್ಟೆಲ್ಲ ಹೇಳಿದ ಮೇಲೂ ಶ್ರೀನಿವಾಸರನ್ನು ಮರೆಯಲಾಗದು. ಆಂಧ್ರದ ಕಾಕಿನಾಡದಲ್ಲಿ ಹುಟ್ಟಿ, ಕನ್ನಡವನ್ನು ಅಷ್ಟು ಮೃದುವಾಗಿ ಹಾಡಿದವರು ಅವರು. ಮೆಲುದನಿಯ ಪ್ರೇಮಗೀತೆಗಳಲ್ಲಿ ಅವರದೇ ಮೇಲು ಎಂದು ನನ್ನ ಎಣಿಕೆ. ನಮ್ಮ ಮನೆಯಲ್ಲಿ ಇದನ್ನು ಒಪ್ಪುವವರು ನಾನೊಬ್ಬನೇ.